ಟೀ ಗ್ಲಾಸಿನ ಗುರುತಿದ್ದ ರಾಜೀನಾಮೆಗಳು

ವಿಶಾಖಪಟ್ಟಣದಲ್ಲಿ ನಾವಿದ್ದ ಕಾಲೊನಿಯಲ್ಲಿ ಯಾರೂ ಕೆಲಸ ಬಿಡುತ್ತಿರಲಿಲ್ಲ. ಅದೊಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಕಾಲೊನಿ. ಹೊಸದಾಗಿ ಕ್ವಾರ್ಟರ್ಸಿಗೆ ಬಂದವರು ಪೆಟ್ಟಿಗೆ ಬಿಚ್ಚುವ ಮೊದಲೇ ಹಿತ್ತಲಲ್ಲಿ ಒಂದು ತೆಂಗಿನ ಸಸಿ ನೆಡುತ್ತಿದ್ದರು. ಅದು ಕಾಯಿ ಬಿಡುವ ತನಕ ಇಲ್ಲೇ ಇರುತ್ತೇವೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನೂ ಒಂದು ನೆಟ್ಟಿದ್ದೆ. ಅದರ ಎಳನೀರು ಕುಡಿದವರು ಬೇರೆ ಯಾರೋ.

ಏಕೆಂದರೆ ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಮನೆಯವರು ಕಾಲೊನಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ರಾಜೀನಾಮೆ ಕೊಟ್ಟರು. ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಒಂದು ವರ್ಕ್‌ಶಾಪಿಗೆ ಮ್ಯಾನೇಜರ್ ಬೇಕಾಗಿದ್ದರು. "ಅಲ್ಲಿ ನಾನು ಹೇಳಿದ್ದು ನಡೆಯುತ್ತೆ ಕಣೇ," ಎಂದರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಸಮುದ್ರ ಬಿಟ್ಟು ಬರಬೇಕಲ್ಲ ಎಂಬುದಷ್ಟೇ ನನ್ನ ಬೇಸರ. ಅದಕ್ಕೆ ಕೆಲವು ತಿಂಗಳ ಮೊದಲು, ವಾರದ ನಡುವಿನ ಒಂದು ದಿನ, ಇವರು ಅರ್ಧ ದಿನ ರಜೆ ಹಾಕಿ ನನ್ನನ್ನು ಸ್ಕೂಟರಿನಲ್ಲಿ ಭೀಮುನಿಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದರು. ದಡಕ್ಕೆಳೆದ ದೋಣಿಯ ನೆರಳಲ್ಲಿ ಕೂತು ಬಹಳ ಹೊತ್ತು ನೀರು ನೋಡಿದೆವು. ಇವರು ಹೆಚ್ಚು ಮಾತಾಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದ ಮೇಲೆ, ಕೆಲಸದ ದಿನ, ಸುಮ್ಮನೆ ಜೊತೆಗೆ ಕೂರಲು ಕರೆತಂದರಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಆ ಸೀರೆಯ ಅಂಚಿಗೆ ಸೇರಿದ್ದ ಮರಳು ವಿಜಯವಾಡದ ಬೀರುವಿನಲ್ಲೂ ಉದುರಿತು.

ವಿಜಯವಾಡದ ವರ್ಕ್‌ಶಾಪಿನಲ್ಲಿ ಇವರು ಹೇಳಿದ್ದು ನಡೆಯಿತು. ಆದರೆ ಯಾರಿಗೆ ಹೇಳಿದ್ದರೋ ಅವರು ಇರುತ್ತಿರಲಿಲ್ಲ. ಯುಗಾದಿಗೆ ಸೇರಿದ ವೆಲ್ಡರ್ ದಸರೆಗೆ ಕಾಣುತ್ತಿರಲಿಲ್ಲ. ತಗಡು ಬಡಿದು ಆಕಾರಕ್ಕೆ ತರುವ ಟಿಂಕರ್‌ಗಳಂತೂ ಕೈ ಪಳಗಿತು ಎನ್ನುವಷ್ಟರಲ್ಲಿ ಪಕ್ಕದ ಓಣಿಯ ವರ್ಕ್‌ಶಾಪಿನಲ್ಲಿರುತ್ತಿದ್ದರು. ಅವರ ಸುತ್ತಿಗೆಯ ಸದ್ದು ಇವರ ಮೇಜಿಗೇ ಕೇಳಿಸುತ್ತಿತ್ತಂತೆ. "ನಮ್ಮಲ್ಲಿ ಕಲಿತು ಅಲ್ಲಿ ಬಡೀತಾರೆ ನೋಡು. ಆ ಸದ್ದು ಕೇಳಿದ್ರೆ ನನ್ನ ತಲೆ ಮೇಲೇ ಬಡಿದ ಹಾಗಿರುತ್ತೆ," ಎನ್ನುತ್ತಿದ್ದರು.

ಇವರು ಕಾರ್ಖಾನೆಯಿಂದ ಎರಡು ಪದ್ಧತಿಗಳನ್ನು ಜೊತೆಗೆ ತಂದಿದ್ದರು. ಮೊದಲನೆಯದು, ಎಲ್ಲವೂ ಕಾಗದದ ಮೇಲಿರಬೇಕು. ಕೆಲಸ ಬಿಡುವವನು ಕಾರಣ ಬರೆದುಕೊಟ್ಟೇ ಹೋಗಬೇಕು. ಆಟೋನಗರದಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಬರೆದುಕೊಟ್ಟು ಹೋದವರಲ್ಲ. ನಾಳೆಯಿಂದ ಬರುವುದಿಲ್ಲ ಎಂದರೆ ಮುಗಿಯಿತು. ಇವರು ಹಟ ಹಿಡಿದು ಬರೆಸಿದರು. ಎರಡನೆಯದು, ಆ ವಾರ ಯಾರ ಕೈಯಲ್ಲಿ ಏನು ಕೆಟ್ಟಿತು ಎಂಬ ಪಟ್ಟಿಯನ್ನು ಶನಿವಾರ ಗೇಟಿನ ಪಕ್ಕ ಹಚ್ಚಬೇಕು. ಬೆಸುಗೆ ಬಿಟ್ಟದ್ದು, ಬಾಗಿಲು ಕೂರದ್ದು, ಬಣ್ಣ ಇಳಿದದ್ದು, ತಡವಾಗಿ ಬಂದದ್ದು, ಎಲ್ಲ ಹೆಸರು ಸಮೇತ.

ಆ ಪಟ್ಟಿ ಬರೆಯುತ್ತಿದ್ದವಳು ನಾನು.

ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನನಗೆ ಬರವಣಿಗೆಗೆ ಬಹುಮಾನ ಬಂದಿತ್ತು. ಸಿಸ್ಟರ್ ಒಬ್ಬರು ನಮ್ಮ ಬೆರಳಿನ ಗಂಟಿನ ಮೇಲೆ ಅಡ್ಡವಾಗಿ ಒಂದು ಸೀಮೆಸುಣ್ಣದ ಚೂರು ಇಟ್ಟು ಬರೆಸುತ್ತಿದ್ದರು. ಚೂರು ಬಿದ್ದರೆ ಆ ಸಾಲು ಮತ್ತೆ ಬರೆಯಬೇಕು. ಹಾಗೆ ಕಲಿತ ಕೈ ತೆಲುಗು ಅಕ್ಷರಕ್ಕೂ ಬೇಗ ಹೊಂದಿಕೊಂಡಿತು. "ಅಕ್ಷರ ಚೆನ್ನಾಗಿದ್ರೆ ದೂರದಿಂದಾನೂ ಓದ್ತಾರೆ. ನೀನೇ ಬರಿ," ಎಂದು ಇವರು ಡ್ರಾಯಿಂಗ್ ಶೀಟ್, ಕೆಂಪು ಸ್ಕೆಚ್ ಪೆನ್ ತಂದುಕೊಟ್ಟರು. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಊಟದ ಮೇಜಿನ ಮೇಲೆ ಹಾಳೆ ಹಾಸಿಕೊಂಡು ಕೂರುತ್ತಿದ್ದೆ. ಸುತ್ತ ಎರಡು ಗೆರೆಯ ಅಂಚು. ನಾಲ್ಕು ಮೂಲೆ ಬರಿದಾಗಿ ಕಾಣುತ್ತದೆಂದು ನಾಲ್ಕು ಹೂವು. ಅದರಲ್ಲಿರುವ ಹೆಸರುಗಳಿಗೆ ಮುಖಗಳೂ ಇವೆ ಎಂದು ನನಗೆ ಹೊಳೆಯಲೇ ಇಲ್ಲ.

ಇಷ್ಟರಲ್ಲಿ ನನ್ನ ನಾದಿನಿ ಬಂದಳು. ಅವಳು ವಿಶಾಖಪಟ್ಟಣದಲ್ಲೇ ಹಾಸ್ಟೆಲಿನಲ್ಲಿದ್ದು ಅರ್ಥಶಾಸ್ತ್ರದಲ್ಲಿ ಎಂ.ಫಿಲ್. ಮಾಡುತ್ತಿದ್ದಳು. ಕೆಲಸಗಾರರು ಕೆಲಸ ಬಿಡುವುದೇಕೆ ಎಂಬುದು ಅವಳ ವಿಷಯ. ಅಣ್ಣನ ವರ್ಕ್‌ಶಾಪಿಗಿಂತ ಒಳ್ಳೆಯ ಜಾಗ ಅದಕ್ಕೆ ಸಿಗುವಂತಿರಲಿಲ್ಲ. ವಿಶಾಖಪಟ್ಟಣದ ಒಂದು ಹೆಣ್ಣುಮಕ್ಕಳ ಕಾಲೇಜಿನವರು, ಫೆಬ್ರವರಿ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಿದರೆ ಲೆಕ್ಚರರ್ ಕೆಲಸ ಕೊಡುತ್ತೇವೆ, ಇಲ್ಲದಿದ್ದರೆ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ ಎಂದಿದ್ದರು. ಆ ಕೆಲಸದ ಮೇಲೆ ಅವಳಿಗೆ ಎಷ್ಟು ಆಸೆಯೆಂದರೆ, ಪಾಠ ಮಾಡುವಾಗ ಉಡಲೆಂದು ಎರಡು ಕಾಟನ್ ಸೀರೆ ಆಗಲೇ ತೆಗೆದು, ಗಂಜಿ ಹಾಕಿಸಿ, ನಮ್ಮ ಬೀರುವಿನಲ್ಲಿ ಇಟ್ಟಿದ್ದಳು.

"ಸಂಬಳ ಜಾಸ್ತಿ ಸಿಕ್ಕ ಕಡೆ ಹೋಗ್ತಾರೆ. ಇದಕ್ಕೊಂದು ಪುಸ್ತಕ ಬೇಕೇನೇ?" ಎಂದೆ ನಾನು.

"ಪುಸ್ತಕದಲ್ಲಿ ಬರೆದಿರೋದೂ ಅದನ್ನೇ ಅತ್ತಿಗೆ. ಆದ್ರೆ ಇಲ್ಲಿ ಅಣ್ಣನೂ ಅಷ್ಟೇ ಕೊಡ್ತಾನೆ, ಪಕ್ಕದ ಓಣಿಯವನೂ ಅಷ್ಟೇ ಕೊಡ್ತಾನೆ. ಅಷ್ಟೇ ಸಂಬಳಕ್ಕೆ ಬಿಸಿಲಲ್ಲಿ ಇನ್ನೂ ನಾಲ್ಕು ಹೆಜ್ಜೆ ಜಾಸ್ತಿ ನಡ್ಕೊಂಡು ಹೋಗ್ತಾರಲ್ಲ, ಅದು ಯಾಕೆ?"

"ನಿಮ್ಮಣ್ಣನ ಮುಖ ನೋಡೋಕಾಗ್ದೆ ಇರಬೇಕು."

"ಅದನ್ನ ಅಂಕಣದಲ್ಲಿ ಹೇಗೆ ತುಂಬಲಿ?" ಎಂದು ನಕ್ಕಳು.

ಇವರು ಬರೆಸಿಟ್ಟಿದ್ದ ರಾಜೀನಾಮೆಗಳ ಫೈಲು ಅವಳಿಗೆ ನಿಧಿ ಸಿಕ್ಕ ಹಾಗಾಯಿತು. ತೆಲುಗು ಮಾತು ಅವಳಿಗೆ ಬರುತ್ತಿತ್ತು, ಓದುವುದು ನಿಧಾನ. ನಾನು ಅವರೆಕಾಯಿ ಸುಲಿಯುತ್ತ ಒಂದೊಂದೇ ಕಾಗದ ಓದಿ ಹೇಳುತ್ತಿದ್ದೆ, ಅವಳು ಗೀಟು ಹಾಕಿಕೊಳ್ಳುತ್ತಿದ್ದಳು. ಒಬ್ಬನಿಗೆ ತಂಗಿಯ ಮದುವೆ. ಒಬ್ಬನಿಗೆ ತಾಯಿಯ ಅನಾರೋಗ್ಯ. ಒಬ್ಬನಿಗೆ ಊರಿನ ಮನೆಯ ರಿಪೇರಿ. ಮತ್ತೆ ತಂಗಿಯ ಮದುವೆ. ಕೇಳಿ ಕೇಳಿ ನನಗೆ ಕನಿಕರ ಬಂತು. ಎಷ್ಟೊಂದು ತಂಗಿಯರು, ಎಷ್ಟೊಂದು ಜಡ್ಡಾದ ತಾಯಂದಿರು! ಪ್ರತಿ ಕಾಗದದ ಮೂಲೆಯಲ್ಲೂ ಒಂದು ದುಂಡನೆಯ ಕಂದು ಗುರುತಿತ್ತು. "ಕಾಗದದ ಮೇಲೆ ಲೋಟ ಇಡಬೇಡಿ ಅಂತ ಎಷ್ಟು ಸಲ ಹೇಳಿದೀನಿ," ಎಂದು ಇವರನ್ನು ಗದರಿದೆ. "ನಾನೆಲ್ಲಿಟ್ಟೆ?" ಎಂದರು. ಯಾವ ಗಂಡಸು ತಾನೇ ಇಟ್ಟೆ ಎನ್ನುತ್ತಾನೆ?

ಜನವರಿಯ ಮೊದಲ ವಾರ ಕೋಷ್ಟಕ ಸಿದ್ಧವಾಯಿತು. ಅವಳ ಗೈಡ್ ಮೇಷ್ಟ್ರು ಅದನ್ನು ನೋಡಿ ಬಹಳ ಖುಷಿಪಟ್ಟರಂತೆ. ಸಂಬಳವಲ್ಲ, ಮನೆಯ ಜವಾಬ್ದಾರಿಯೇ ಕೆಲಸ ಬಿಡಿಸುತ್ತದೆ ಎಂಬುದು ಹೊಸ ಮಾತು ಎಂದರಂತೆ. ಮೂರು ಕಾರಣಗಳೂ ಹೆಚ್ಚುಕಡಿಮೆ ಸಮ ಸಮವಾಗಿ ಬಂದಿವೆಯಲ್ಲ, ಇಷ್ಟು ಅಚ್ಚುಕಟ್ಟಾದ ಮಾಹಿತಿ ಅಪರೂಪ ಎಂದೂ ಹೇಳಿದರಂತೆ. ಇನ್ನು ಟೈಪ್ ಮಾಡಿಸಿ ಬೈಂಡ್ ಹಾಕಿಸುವುದೊಂದೇ ಬಾಕಿ.

ಕೊನೆಯಲ್ಲಿ ಸೇರಿಸಲು ಕೆಲವು ಕಾಗದ ಆರಿಸಿಕೊಡಿ ಎಂದು ಅವಳು ಹೇಳಿ ಲೈಬ್ರರಿಗೆ ಹೋದಳು. ನಾನು ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಓದುವಾಗ ಒಂದೊಂದಾಗಿ ನೋಡಿದ್ದೆ. ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೈಯಲ್ಲಿ ಕಾಫಿ ಲೋಟವಿತ್ತು. ಇವರನ್ನು ಗದರಿದ ನಾನೇ ಮರೆತು ಅದನ್ನು ಒಂದು ಕಾಗದದ ಮೇಲೆ ಇಟ್ಟುಬಿಟ್ಟೆ. ಥಟ್ಟನೆ ಎತ್ತಿ ನೋಡಿದರೆ, ನಮ್ಮ ಸ್ಟೀಲ್ ಲೋಟದ ಗುರುತು ದೊಡ್ಡದು, ಕಾಗದದಲ್ಲಿ ಮೊದಲೇ ಇದ್ದ ಗುರುತು ಚಿಕ್ಕದು. ಅದು ನಮ್ಮ ಮನೆಯ ಲೋಟವಲ್ಲ. ಟೀ ಅಂಗಡಿಯ ಗಾಜಿನ ಗ್ಲಾಸು.

ಆಮೇಲೆ ಕಣ್ಣು ಸುಮ್ಮನಿರಲಿಲ್ಲ. ತೆಲುಗಿನಲ್ಲಿ ಕಾಗದ ಮುಗಿಸುವಾಗ ನಮ್ಮ 'ಇಂತಿ ತಮ್ಮ ವಿಧೇಯ'ದ ಹಾಗೆ 'ಇಟ್ಲು, ತಮ ವಿಧೇಯುಡು' ಎಂದು ಬರೆಯುತ್ತಾರೆ. ಪ್ರತಿ ಕಾಗದದಲ್ಲೂ ಆ ಕೊನೆಯ ಅಕ್ಷರದ ಬಾಲ ಬೆಕ್ಕಿನ ಬಾಲದ ಹಾಗೆ ಮೇಲೆ ಹೋಗಿ ಸುರುಳಿ ಸುತ್ತಿತ್ತು. ಸಹಿ ಬೇರೆ ಬೇರೆ, ಕೆಲವು ಹೆಬ್ಬೆಟ್ಟು. ಬರೆದ ಕೈ ಮಾತ್ರ ಒಂದೇ. ಸಿಸ್ಟರ್ ನೋಡಿದ್ದರೆ ಪಕ್ಕದವರದನ್ನು ನೋಡಿ ಬರೆದಿರೆಂದು ಇಡೀ ಕ್ಲಾಸನ್ನೇ ನಿಲ್ಲಿಸುತ್ತಿದ್ದರು.

ಮರುದಿನ ಊಟದ ಕ್ಯಾರಿಯರ್ ಕೊಡುವ ನೆವದಲ್ಲಿ ನಾನೇ ಆಟೋನಗರಕ್ಕೆ ಹೋದೆ. ವರ್ಕ್‌ಶಾಪಿನ ಗೇಟಿನ ಎದುರಿಗೆ ಬೇವಿನ ಮರ, ಮರದ ಕೆಳಗೆ ಟೀ ಅಂಗಡಿ, ಅಂಗಡಿಯ ಬೆಂಚಿನ ತುದಿಯಲ್ಲಿ ತೊಡೆಯ ಮೇಲೆ ಹಲಗೆಯಿಟ್ಟುಕೊಂಡ ಒಬ್ಬ ಹಿರಿಯರು. ಒಂದು ಕಾಲಕ್ಕೆ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಪತ್ರ ಬರೆಯುತ್ತಿದ್ದವರು. ಎಲ್ಲರೂ ಪಂತುಲುಗಾರು ಎನ್ನುತ್ತಿದ್ದರು. ಹಲಗೆಯ ಮೇಲೆ ಕಾಗದ, ಕಾಗದ ಹಾರದಂತೆ ಮೂಲೆಯ ಮೇಲೆ ಟೀ ಗ್ಲಾಸು. ನಾನು ಹೆಚ್ಚೇನೂ ಪತ್ತೇದಾರಿಕೆ ಮಾಡಬೇಕಾಗಲಿಲ್ಲ.

ಅವರು ಆಡಿದ್ದು ತೆಲುಗು. ನನ್ನ ನೆನಪಿನಲ್ಲಿ ಮಾತ್ರ ಅಲ್ಲಿಯವರ ಮಾತೆಲ್ಲ ಕನ್ನಡದಲ್ಲೇ ಕೇಳಿಸುತ್ತದೆ.

"ಇವನ್ನೆಲ್ಲ ಬರೆದವರು ತಾವೇನಾ?" ಎಂದು ಒಂದೆರಡು ಕಾಗದ ತೋರಿಸಿದೆ.

"ಏಂ ಅಮ್ಮಾ, ಎಲ್ಲಾದರೂ ತಪ್ಪಾಗಿದೆಯಾ?"

"ತಪ್ಪಿಲ್ಲ. ಆದರೆ ಎಲ್ಲರಿಗೂ ತಂಗಿ ಮದುವೆ ಹೇಗೆ ಬಂತು?"

"ಎಲ್ಲರಿಗೂ ಎಲ್ಲಿ ಅಮ್ಮಾ!" ಅವರಿಗೆ ನೋವಾದಂತಿತ್ತು. "ಸರದಿ ಪ್ರಕಾರ ಕೊಡುತ್ತೇನೆ. ಒಂದು ಮದುವೆ, ಒಂದು ತಾಯಿ ಕಾಯಿಲೆ, ಒಂದು ಮನೆ ರಿಪೇರಿ. ಒಂದೇ ವಾರದಲ್ಲಿ ಇಬ್ಬರು ತಂಗಿಯರಿಗೆ ಮದುವೆ ಮಾಡಿಸಿದರೆ ಮ್ಯಾನೇಜರುಗಾರಿಗೆ ಅನುಮಾನ ಬರುವುದಿಲ್ಲವಾ?"

ಮೇಷ್ಟ್ರು ಮೆಚ್ಚಿದ ಸಮ ಸಮದ ಗುಟ್ಟು ಇದು. ನಗು ಬಂತು. ಅದರ ಹಿಂದೆಯೇ ಬೀರುವಿನಲ್ಲಿದ್ದ ಎರಡು ಸೀರೆ ಕಣ್ಣಿಗೆ ಬಂದವು, ನಗು ನಿಂತಿತು.

"ನಿಜವಾದ ಕಾರಣ ಯಾಕೆ ಬರೆಯೋದಿಲ್ಲ ಪಂತುಲುಗಾರೂ?"

"ಹೋಗುವಾಗ ಯಾರಾದರೂ ಬಾಗಿಲು ಬಡಿದು ಹೋಗುತ್ತಾರಾ ಅಮ್ಮಾ? ನಾಳೆ ಇದೇ ಗೇಟಿಗೆ ಬರಬೇಕಾಗಬಹುದು. ತಂಗಿ ಮದುವೆ ಅಂತ ಬರೆದರೆ ಮದುವೆ ಮುಗಿಸಿಕೊಂಡು ಬಂದೆ ಅನ್ನಬಹುದು. ಕೋಪ ಅಂತ ಬರೆದರೆ, ಕೋಪ ಮುಗಿಸಿಕೊಂಡು ಬಂದೆ ಅನ್ನೋಕಾಗುತ್ತಾ?"

"ಹಾಗಾದರೆ ಕೋಪ ಏನು?"

ಅವರು ಗ್ಲಾಸು ಎತ್ತಿ ಉಳಿದ ಟೀ ಕುಡಿದರು. "ಅದು ಅವರ ಸೊತ್ತು. ನಾನು ಬರೆದುಕೊಡುವವನು ಮಾತ್ರ. ಅವರ ಮನೆಗಳಿಗೆ ಹೋಗಿ ಕೇಳಿ. ಗಂಡಸರು ಆಫೀಸಿನಲ್ಲಿ ಹೇಳದ್ದನ್ನು ಹೆಂಗಸರು ಕಡಲೆ ತಿನ್ನುತ್ತಾ ಹೇಳುತ್ತಾರೆ."

ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೇಷ್ಟ್ರು ಒಪ್ಪಿದ್ದರು, ಕಾಲೇಜು ಕಾಯುತ್ತಿತ್ತು, ಟೈಪಿಸ್ಟಿಗೆ ಮೊದಲ ಅಧ್ಯಾಯ ಹೋಗಿಯೂ ಆಗಿತ್ತು. ಮೂರನೆಯ ದಿನ ಚಪಾತಿ ಲಟ್ಟಿಸುತ್ತ, ಅವಳ ಮುಖ ನೋಡದೆ ಹೇಳಿಬಿಟ್ಟೆ. ಅವಳು ಬೇಯಿಸುತ್ತಿದ್ದ ಚಪಾತಿ ಹಂಚಿನ ಮೇಲೇ ಕರಟಿತು.

"ಅತ್ತಿಗೆ, ನೀವು ಇದನ್ನ ನೋಡಬಾರದಿತ್ತು."

"ನಿಜ ಕಣೇ. ನಾನೂ ಹಾಗೇ ಅಂದ್ಕೊಂಡೆ."

"ಏಳು ವಾರಾನೂ ಇಲ್ಲ."

"ಗೊತ್ತು."

"ಒಬ್ಬ ತಾತ ಟೀ ಕುಡೀತಾ ಮಾಡಿದ ಸರದಿಗೆ ನಾನು ಹದಿನೆಂಟು ಪುಟ ವ್ಯಾಖ್ಯಾನ ಬರೆದಿದೀನಿ." ಅಳು ಬಂದಿತ್ತು, ಹೇಳುತ್ತ ಹೇಳುತ್ತ ಅದು ನಗುವಾಯಿತು, ಮತ್ತೆ ಅಳುವಾಯಿತು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಸಂಜೆ ಇವರು ಬಂದು "ಎಲ್ಲಿ ನಮ್ಮ ಲೆಕ್ಚರರ್ ಅಮ್ಮ?" ಎಂದಾಗ ತಲೆನೋವಂತೆ ಎಂದೆ. ಸುಳ್ಳು ಕಾರಣ ಕೊಡುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಗಂಜಿ ಹಾಕಿದ ಸೀರೆಗಳಲ್ಲಿ ಒಂದನ್ನು ಉಟ್ಟು ಅಡುಗೆಮನೆಗೆ ಬಂದಳು. "ಇದನ್ನ ಉಟ್ಕೊಂಡು ಹುಡುಗಿಯರಿಗೆ ಪಾಠ ಮಾಡೋದಾದ್ರೆ, ಸುಳ್ಳು ಕೋಷ್ಟಕ ಇಟ್ಕೊಂಡು ಮಾಡೋಕಾಗಲ್ಲ. ಯಾರ ಮನೆಗೆ ಮೊದಲು ಹೋಗೋಣ ಹೇಳಿ ಅತ್ತಿಗೆ."

ಅದಕ್ಕೆ ಸಂಕ್ರಾಂತಿ ಒದಗಿ ಬಂತು. ನಾವು ದಸರೆಗೆ ಗೊಂಬೆ ಕೂರಿಸಿದರೆ, ಅಲ್ಲಿ ಬಹಳ ಮನೆಗಳಲ್ಲಿ ಸಂಕ್ರಾಂತಿಗೆ ಕೂರಿಸುತ್ತಾರೆ. ಸಂಜೆ ಹೆಂಗಸರನ್ನು ಕರೆದು ಅರಿಶಿನ ಕುಂಕುಮ, ತಾಂಬೂಲ, ನೆನೆಸಿದ ಕಡಲೆ ಕೊಡುತ್ತಾರೆ. ಪೇರಂಟ ಎನ್ನುತ್ತಾರೆ ಅದನ್ನು. ನಮ್ಮ ಮಗಳ ಜೊತೆ ಓದುವ ಹುಡುಗಿಯೊಬ್ಬಳ ಮನೆಯಿಂದ ಕರೆ ಬಂದಿತ್ತು. ಆ ಹುಡುಗಿಯ ತಂದೆ ಹಿಂದಿನ ಶ್ರಾವಣದಲ್ಲಿ ನಮ್ಮ ವರ್ಕ್‌ಶಾಪ್ ಬಿಟ್ಟು ಪಕ್ಕದ ಓಣಿಗೆ ಹೋದ ಟಿಂಕರ್. ನಾವು ಯಾರೆಂದು ಅವನ ಹೆಂಡತಿಗೆ ತಿಳಿದಿರಲಿಲ್ಲ. ಕನ್ನಡದವರು ಎಂದಷ್ಟೇ ಗೊತ್ತು.

ಮೆಟ್ಟಿಲುಗಳ ಮೇಲೆ ಗೊಂಬೆಗಳು. ತಿರುಪತಿಯ ಮರದ ಜೋಡಿ, ಕೊಂಡಪಲ್ಲಿಯ ಎತ್ತಿನ ಗಾಡಿ, ಕೊನೆಯ ಮೆಟ್ಟಿಲಲ್ಲಿ ತಗಡಿನ ಪುಟ್ಟ ಲಾರಿ. ಬಾಗಿಲು ತೆರೆದು ಮುಚ್ಚುತ್ತಿತ್ತು, ಹಿಂದಿನ ಹಲಗೆ ಸರಪಳಿಯಲ್ಲಿ ಇಳಿಯುತ್ತಿತ್ತು. ನಾನು ಬೆರಳ ತುದಿಯಿಂದ ಬಾಗಿಲು ಮುಟ್ಟಿ ನೋಡಿದೆ. ಕೂದಲೆಳೆಯಷ್ಟೂ ಸಂದಿಲ್ಲ. "ನಮ್ಮವರೇ ಮಾಡಿದ್ದು," ಎಂದಳು ಮನೆಯಾಕೆ ಹೆಮ್ಮೆಯಿಂದ.

"ಇಷ್ಟು ಒಳ್ಳೆ ಕೆಲಸಗಾರ ಮೊದಲಿದ್ದ ಕಡೆ ಯಾಕೆ ಬಿಟ್ಟರು?" ನಾದಿನಿ ಕಡಲೆ ತಿನ್ನುತ್ತಲೇ ಕೇಳಿದಳು. ಕಲಿತುಬಿಟ್ಟಿದ್ದಳು.

"ಅಯ್ಯೋ, ಅದೊಂದು ದೊಡ್ಡ ಕತೆ ತಂಗೀ. ಅಲ್ಲಿ ಗೇಟಿನ ಪಕ್ಕ ಒಂದು ಹಾಳೆ ಹಚ್ಚುತ್ತಾರೆ. ವರ್ಷವಿಡೀ ನೂರು ಬಾಗಿಲು ಸರಿಯಾಗಿ ಕೂರಿಸಿದರೆ ಯಾರೂ ಬರೆಯೋದಿಲ್ಲ. ಒಂದು ಬಾಗಿಲು ಕೂರಲಿಲ್ಲ, ಆ ಶನಿವಾರ ಇವರ ಹೆಸರು ಬಂತು. ಅವತ್ತೇ ಲಾರಿ ತಗೊಂಡು ಹೋಗೋಕೆ ಬಂದವರು ಯಾರು ಗೊತ್ತಾ? ನಮ್ಮೂರಿನವರು! ನಮ್ಮ ಮಾವನ ಸ್ನೇಹಿತರು! ನಿಂಬೆಹಣ್ಣು ಚಕ್ರದ ಕೆಳಗಿಟ್ಟು, ಕಾಯಿ ಒಡೆದು, ತಲೆ ಎತ್ತಿದರೆ ಎದುರಿಗೇ ಕೆಂಪಗೆ ಇವರ ಹೆಸರು. ಊರಿಗೆಲ್ಲ ಸುದ್ದಿ. ಸೋಮವಾರದಿಂದ ಹೋಗಲಿಲ್ಲ."

"ಕೆಂಪು ಇಂಕು ಬೇರೆ," ಎಂದಳು ಇನ್ನೊಬ್ಬಳು, ಅವಳ ಗಂಡನೂ ನಮ್ಮ ವರ್ಕ್‌ಶಾಪ್ ಬಿಟ್ಟವನೇ. "ಕರೆಂಟ್ ಕಂಬದ ಅಪಾಯದ ಬೋರ್ಡಿನ ಹಾಗೆ."

"ಅಪಾಯದ ಬೋರ್ಡಿಗೆ ಹೂವು ಹಾಕ್ತಾರಾ? ಇದರಲ್ಲಿ ನಾಲ್ಕು ಮೂಲೆಗೂ ಹೂವಂತೆ!"

"ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಅಂತಾರೆ. ಯಾವ ಮಹಾತಾಯಿ ಬರೆಯುತ್ತಾಳೋ!"

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಬಾಯಲ್ಲಿ ಕಡಲೆ ಇತ್ತು. ನುಂಗಲಾಗಲಿಲ್ಲ, ಅಗಿಯಲಾಗಲಿಲ್ಲ. ನಾದಿನಿ ನನ್ನ ಕಡೆ ನೋಡಲೇ ಇಲ್ಲ, ಗೊಂಬೆಗಳನ್ನೇ ನೋಡುತ್ತಿದ್ದಳು. ಸುಮ್ಮನಿದ್ದು ತಾಂಬೂಲ ತೆಗೆದುಕೊಂಡು ಎದ್ದು ಬರಬಹುದಿತ್ತು. ಹೇಗೋ ನುಂಗಿ, "ಆ ಮಹಾತಾಯಿ ನಾನೇ," ಎಂದೆ.

ಕುಂಕುಮದ ಭರಣಿ ಹಿಡಿದ ಮನೆಯಾಕೆಯ ಕೈ ಹಾಗೇ ನಿಂತಿತು. ಆಮೇಲೆ ಅವಳೇ ಮೊದಲು ನಕ್ಕಳು. ಎಷ್ಟು ನಕ್ಕಳೆಂದರೆ ಕುಂಕುಮ ಸೆರಗಿನ ಮೇಲೆ ಚೆಲ್ಲಿತು. "ನನ್ನ ಗಂಡನ ಹೆಸರನ್ನ ಅಷ್ಟು ಅಂದವಾಗಿ ಯಾರೂ ಬರೆದಿರಲಿಲ್ಲ ಬಿಡಮ್ಮಾ!" ಎಂದು ನನ್ನ ಕೈಹಿಡಿದು ಮತ್ತೆ ಕೂರಿಸಿದಳು. ನಾನು ಕ್ಷಮೆ ಕೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳದೆ ಇನ್ನೊಂದು ಹಿಡಿ ಕಡಲೆ ನನ್ನ ಮಡಿಲಿಗೆ ಹಾಕಿದಳು.

ಒಪ್ಪಿಕೊಂಡದ್ದೇ ಒಳ್ಳೆಯದಾಯಿತು. ಅಂದಿನಿಂದ ಮನೆಮನೆಯ ಬಾಗಿಲು ತೆರೆಯಿತು. ಈ ಅಕ್ಕ ಆ ಅಕ್ಕನ ಮನೆಗೆ ಕಳಿಸಿದಳು, ಆ ಅಕ್ಕ ತನ್ನ ಓರಗಿತ್ತಿಯ ಮನೆಗೆ. ನಾದಿನಿ ನೋಟ್‌ಬುಕ್ ಹಿಡಿದು ಹೋಗುವಳು, ನಾನು ಮಾತಿಗೆ ಜೊತೆ. ಹೆಂಡತಿಯರು ಹೇಳಿದ್ದನ್ನು ಭಾನುವಾರ ಗಂಡಂದಿರೂ ಹೌದೆಂದರು. ಎಲ್ಲರದ್ದೂ ಹಾಳೆಯ ಕತೆಯೇ ಅಲ್ಲ. ಒಬ್ಬನಿಗೆ ಹೊಸ ವೆಲ್ಡಿಂಗ್ ಕಲಿಸುತ್ತೇವೆಂದು ಹೇಳಿ ಕಲಿಸಿರಲಿಲ್ಲ. ಒಬ್ಬನಿಗೆ ಊಟಕ್ಕೆ ಕೂರಲು ನೆರಳಿರಲಿಲ್ಲ. ಒಬ್ಬನಿಗಂತೂ ನಿಜವಾಗಿಯೂ ತಂಗಿಯ ಮದುವೆ! ಪಾಪ, ಅವನ ಸರದಿಗೆ ಪಂತುಲುಗಾರು ಮನೆ ರಿಪೇರಿ ಬರೆದಿದ್ದರು. ಆದರೂ ಹಾಳೆಯ ಮಾತು ಮತ್ತೆ ಮತ್ತೆ ಬಂತು.

ಬರೆಯುವ ಮೊದಲು ಅಣ್ಣನಿಗೆ ಹೇಳಲೇಬೇಕಾಗಿತ್ತು. ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನಾದಿನಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಇವರ ಕಿವಿ ಕೆಂಪಾಯಿತು.

"ನಮ್ಮ ಕಾರ್ಖಾನೆಯಲ್ಲಿ ಇಷ್ಟು ದೊಡ್ಡ ಬೋರ್ಡಿತ್ತು. ಅಲ್ಲಿ ಯಾರಾದ್ರೂ ಬಿಟ್ಟುಹೋದ್ರಾ?"

"ಬಿಟ್ಟರಲ್ಲ ಅಣ್ಣಾ. ನೀನು."

ಇವರು ಕೆಂಪಾದ ಕಿವಿ ಉಜ್ಜಿಕೊಂಡರು.

"ನೀನು ರಾಜೀನಾಮೆಯಲ್ಲಿ ಏನಂತ ಬರೆದಿದ್ದೆ?"

ಇವರು ಲೋಟದೊಳಗೆ ನೋಡಿದರು. "ತಾಯಿಯ ಅನಾರೋಗ್ಯ."

"ಅಮ್ಮನಿಗಾ? ಆ ವರ್ಷ ಅಮ್ಮ ಹಾಸನದಿಂದ ಒಬ್ಬಳೇ ಬಸ್ಸು ಹತ್ತಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದಳು! ನಿಜ ಏನು?"

ಇವರು ಲೋಟ ಕೆಳಗಿಟ್ಟರು. "ನನ್ನ ಹೆಸರೂ ಬೋರ್ಡಿಗೆ ಬಂದಿತ್ತು. ಒಂದೇ ಸಲ. ಎರಡು ಶಿಫ್ಟಿನವರೂ ಓದಿದರು. ತಪ್ಪು ನಂದೂ ಅಲ್ಲ. ಅವತ್ತು ಅಲ್ಲಿ ನಿಂತಿರೋಕೆ ಆಗಲಿಲ್ಲ, ಅರ್ಧ ದಿನ ರಜೆ ಹಾಕಿ ಬಂದೆ." ನನ್ನ ಕಡೆ ನೋಡಿದರು. "ಭೀಮುನಿಪಟ್ಟಣಕ್ಕೆ ಹೋಗಿದ್ವಲ್ಲ."

ಅಷ್ಟು ವರ್ಷ ನಾನು ಜೋಪಾನ ಮಾಡಿಟ್ಟುಕೊಂಡಿದ್ದ ಸಂಜೆ ಅದು! "ನಾನು ಪ್ರೀತಿ ಉಕ್ಕಿತು ಅಂದ್ಕೊಂಡಿದ್ದೆ ಕಣ್ರೀ," ಎಂದೆ.

"ಅದೂ ಇತ್ತು," ಎಂದರು ಗಾಬರಿಯಿಂದ. ನಾದಿನಿಗೆ ಕಾಫಿ ನೆತ್ತಿಗೆ ಹತ್ತಿತು.

"ಹಾಗಿದ್ರೆ ಅದನ್ನೇ ಇಲ್ಲಿಗೂ ಯಾಕೆ ತಂದ್ರಿ?"

"ಮ್ಯಾನೇಜರು ಅಂದ್ರೆ ಹಾಗೇ ಮಾಡಬೇಕು ಅಂದ್ಕೊಂಡೆ. ಬೇರೆ ಥರ ಮಾಡೋದನ್ನ ನಾನು ನೋಡೇ ಇಲ್ವಲ್ಲೇ," ಎಂದರು. ಅಂಥ ಪ್ರಾಮಾಣಿಕ ಮಾತನ್ನು ಅವರ ಬಾಯಿಂದ ನಾನು ಹೆಚ್ಚು ಕೇಳಿಲ್ಲ. ಆಮೇಲೆ ತಂಗಿಗೆ, "ಬರ್ಕೋ. ವರ್ಕ್‌ಶಾಪಿನ ಹೆಸರು ಮಾತ್ರ ಬೇಡ," ಎಂದರು. ಮುಂದಿನ ಶನಿವಾರ ಡ್ರಾಯಿಂಗ್ ಶೀಟ್ ತರಲಿಲ್ಲ. ತಪ್ಪಿದ್ದವರನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳತೊಡಗಿದರಂತೆ. ಊಟಕ್ಕೆ ಒಂದು ಚಪ್ಪರವೂ ಬಂತು.

ನಾದಿನಿ ಹದಿನೆಂಟು ಪುಟ ಹರಿದುಹಾಕಿ ಹೊಸದಾಗಿ ಬರೆದಳು. ಮೇಷ್ಟ್ರು ಮೊದಲು ತಲೆ ಮೇಲೆ ಕೈ ಹೊತ್ತು, ಆಮೇಲೆ ಇದೇ ಮೊದಲಿನದಕ್ಕಿಂತ ಚೆನ್ನಾಗಿದೆ ಎಂದರಂತೆ. ಪಂತುಲುಗಾರ ಸರದಿಗೂ ಅವಳು ಒಂದು ಸಣ್ಣ ಅಧ್ಯಾಯ ಕೊಟ್ಟಳು. ಫೆಬ್ರವರಿಯ ಕೊನೆಯ ಕೆಲಸದ ದಿನ, ಬೈಂಡಿನ ಅಂಟು ಇನ್ನೂ ಆರದ ಪ್ರಬಂಧವನ್ನು ಒಪ್ಪಿಸಿದಳು. ಒಂದು ಪುಟದ ಅಡಿಯಲ್ಲಿ ಹೀಗಿತ್ತು: ಸದರಿ ಪಟ್ಟಿಯು ಅತ್ಯಂತ ಸುಂದರವಾದ ಕೈಬರಹದಲ್ಲಿ ಇದ್ದುದರಿಂದ ಅದರ ಪರಿಣಾಮ ಇನ್ನಷ್ಟು ಹೆಚ್ಚಾಗಿರಬಹುದು. ಪರೀಕ್ಷಕರು ಇದು ಯಾರ ಕೈಬರಹ ಎಂದು ಕೇಳಿದರಂತೆ. "ನಮ್ಮ ಅತ್ತಿಗೆಯದು," ಎಂದು ಹೇಳಿ ಎಲ್ಲರನ್ನೂ ನಗಿಸಿದಳಂತೆ. ಕಾನ್ವೆಂಟಿನ ಬಹುಮಾನದ ಮೇಲೆ ನನ್ನ ಅಕ್ಷರಕ್ಕೆ ಸಿಕ್ಕ ಎರಡನೆಯ ಮನ್ನಣೆ ಅದು. ಕೆಲಸ ಸಿಕ್ಕಿತು.

ಮೇ ತಿಂಗಳಲ್ಲಿ ಆ ಟಿಂಕರ್ ನಮ್ಮ ವರ್ಕ್‌ಶಾಪಿಗೆ ವಾಪಸು ಬಂದ. ಕೈಯಲ್ಲಿ ಅರ್ಜಿ, ಅರ್ಜಿಯ ಮೂಲೆಯಲ್ಲಿ ಟೀ ಗ್ಲಾಸಿನ ಗುರುತು. "ತಮ್ಮ ದಯದಿಂದ ನನ್ನ ತಂಗಿಯ ಮದುವೆ ಸುಸೂತ್ರವಾಗಿ ನೆರವೇರಿರುತ್ತದೆ," ಎಂದಿತ್ತು. ಅವನಿಗೆ ತಂಗಿಯೇ ಇರಲಿಲ್ಲ. ಇವರು ಗಂಭೀರವಾಗಿ ಓದಿ, "ಬಹಳ ಸಂತೋಷ," ಎಂದು ಸೇರಿಸಿಕೊಂಡರು.

ಬೇಸಿಗೆ ರಜೆ ಮುಗಿದು ಕಾಲೇಜಿನ ಕೆಲಸಕ್ಕೆ ಸೇರಲು ಹೊರಟ ನಾದಿನಿ ಬೀರುವಿನಿಂದ ಸೀರೆಗಳನ್ನು ತೆಗೆದುಕೊಂಡಳು. ಮೇಜಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದ ಕೆಂಪು ಸ್ಕೆಚ್ ಪೆನ್ನೂ ಅವಳ ಕಣ್ಣಿಗೆ ಬಿತ್ತು. "ಇದನ್ನ ತಗೊಂಡು ಹೋಗ್ಲಾ ಅತ್ತಿಗೆ? ಹುಡುಗಿಯರ ಪೇಪರ್ ತಿದ್ದೋಕೆ ಆಗುತ್ತೆ."

"ತಗೊಂಡು ಹೋಗು," ಎಂದೆ. "ಆದ್ರೆ ಮಾರ್ಕ್ಸು ಒಳಗಿನ ಪುಟದಲ್ಲಿ ಹಾಕು ಕಣೇ. ಮೇಲ್ಗಡೆ ಬೇಡ."

"ಹೂವು ಹಾಕ್ಬಹುದಾ?" ಎಂದಳು, ಮೆಟ್ಟಿಲಿಳಿಯುತ್ತ.